ಬಾಟಲಿಯಲ್ಲಿ ಹುಟ್ಟಿದ ಮದ್ಯ

ಈ ಬರಹದಲ್ಲಿ ಬರುವ ಎರಡು ಸಂಗತಿಗಳ ಬಗ್ಗೆ ನನಗೇ ನಂಬಿಕೆಯಿಲ್ಲ. ಮಾಚೇನಹಳ್ಳಿಯ ಫೌಂಡ್ರಿಯಿಂದ ಬಂದ ಮೂತ್ರದ ಬಾಟಲಿಯ ಮುಚ್ಚಳ ತಿರುಗಿಸಿದಾಗ ಅದು ಸೋಡಾ ಬಾಟಲಿಯ ಹಾಗೆ ಸದ್ದು ಮಾಡಿತು ಎನ್ನುವುದು ಒಂದು. ಗಿರಿಜಮ್ಮ ಎಂಬ ಹೆಂಗಸು ಕೇಳಿದ ಒಂದು ಪ್ರಶ್ನೆಗೆ ನಾನು ಏನು ಉತ್ತರ ಕೊಟ್ಟೆ ಎನ್ನುವುದು ಇನ್ನೊಂದು. ಮೊದಲನೆಯದು ನನ್ನ ಕಿವಿಯಲ್ಲಿ ಇವತ್ತಿಗೂ ಸ್ಪಷ್ಟವಾಗಿದೆ, ಅದಕ್ಕೇ ಅನುಮಾನ. ಕಾಲ ಕಳೆದಂತೆ ಮಸುಕಾಗಬೇಕಾದ ನೆನಪು ದಿನದಿನಕ್ಕೆ ಸ್ಪಷ್ಟವಾಗುತ್ತಿದ್ದರೆ ಅದನ್ನು ಯಾರೋ ಒಳಗೆ ಕೂತು ತಿದ್ದುತ್ತಿದ್ದಾರೆ ಎಂದೇ ಅರ್ಥ. ಎರಡನೆಯದಕ್ಕೆ ನನ್ನ ಬಳಿ ಎರಡು ಬೇರೆ ಬೇರೆ ನೆನಪುಗಳಿವೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ.

ನಾನು ಶಿವಮೊಗ್ಗದ ದುರ್ಗಿಗುಡಿಯ ಒಂದು ಖಾಸಗಿ ಲ್ಯಾಬಿನಲ್ಲಿ ಜೀವರಸಾಯನ ವಿಭಾಗ ನೋಡಿಕೊಂಡು ನಿವೃತ್ತನಾದವನು. ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡುವಾಗ ನಮ್ಮ ಮೇಷ್ಟ್ರೊಬ್ಬರು, ಒಂದು ಸಲ ಕಂಡದ್ದನ್ನು ಕಂಡೆ ಎನ್ನಬೇಡಿ, ಇನ್ನೊಂದು ಸಲ ಮಾಡಿ ನೋಡಿ ಎನ್ನುತ್ತಿದ್ದರು. ಪ್ರಯೋಗಾಲಯಕ್ಕೆ ಆ ಬುದ್ಧಿ ಸರಿ. ಬದುಕಿನಲ್ಲಿ ಯಾವುದನ್ನೂ ಇನ್ನೊಂದು ಸಲ ಮಾಡಿ ನೋಡಲು ಬರುವುದಿಲ್ಲವಾದ್ದರಿಂದ ನನಗೆ ಯಾವುದರ ಮೇಲೂ ಪೂರ್ತಿ ನಂಬಿಕೆ ಬಾರದೆ ಹೋಯಿತು. ಈಗ ಲ್ಯಾಬ್ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಕೆಲವರು ಮನೆಗೆ ಬಂದು, ಸಾರ್, ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳುತ್ತಾರೆ. ಅವರಿಗೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ಹೇಗಿತ್ತೆಂದರೆ, ವಾಸನೆಯಿತ್ತು. ರಕ್ತದ ಸಕ್ಕರೆ ನೋಡಲು ಆಗ ಒಂದು ಕಟು ದ್ರಾವಣ ಬಳಸುತ್ತಿದ್ದೆವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಿನೆಗರಿನಲ್ಲಿರುವ ಆಮ್ಲವೇ, ನೀರು ಬೆರೆಸದ ಗಟ್ಟಿ ರೂಪದಲ್ಲಿ. ನಳಿಗೆಗಳನ್ನು ಕುದಿಯುವ ನೀರಿನಲ್ಲಿ ನಿಲ್ಲಿಸಿದರೆ ಸಕ್ಕರೆಯಿದ್ದಷ್ಟು ಹಸಿರು ಬಣ್ಣ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಉರಿ, ಗಂಟಲು ಕೆರೆತ. ಅಂಗಿಗೆ ಹಿಡಿದ ಹುಳಿ ವಾಸನೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಆ ದ್ರಾವಣ ಕ್ಯಾನ್ಸರ್ ತರುತ್ತದೆಂದು ತಿಳಿದದ್ದು ಅದನ್ನು ಬಿಟ್ಟ ಮೇಲೆ. ಆಮೇಲೆ ಕಿಣ್ವದ ಕಿಟ್ ಬಂತು, ಆಮೇಲೆ ಯಂತ್ರ ಬಂತು. ಯಂತ್ರಕ್ಕೆ ವಾಸನೆಯಿಲ್ಲ, ಬಣ್ಣ ನಮಗೆ ಕಾಣುವುದಿಲ್ಲ, ಅಂಕಿ ಮಾತ್ರ ಬರುತ್ತದೆ. ಅಂಕಿ ನೋಡಿದರೆ ಎಲ್ಲರೂ ನಂಬುತ್ತಾರೆ. ಹಸಿರು ಬಣ್ಣದ ಕಾಲದಲ್ಲಿ ಇಷ್ಟು ನಂಬುತ್ತಿರಲಿಲ್ಲ.

ಮೊದಲು ರಕ್ತದ ಬಗ್ಗೆ ಒಂದು ಮಾತು ಹೇಳಬೇಕು. ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

ಮೈಯಿಂದ ಹೊರಗೆ ಬಂದ ರಕ್ತ ಸತ್ತಿರುವುದಿಲ್ಲ. ನಳಿಗೆಯೊಳಗೂ ಅದು ಉಣ್ಣುತ್ತಲೇ ಇರುತ್ತದೆ. ನಮ್ಮ ಸ್ನಾಯು, ಮಿದುಳು, ಯಕೃತ್ತುಗಳ ಜೀವಕೋಶಗಳು ಸಕ್ಕರೆಯನ್ನು ಆಮ್ಲಜನಕದ ಜೊತೆ ಪೂರ್ತಿ ಸುಡುತ್ತವೆ. ಕೊನೆಗೆ ಉಳಿಯುವುದು ನೀರು ಮತ್ತು ನಾವು ಉಸಿರಿನಲ್ಲಿ ಬಿಡುವ ಇಂಗಾಲದ ಡೈಆಕ್ಸೈಡ್. ಒಂದು ಸಕ್ಕರೆ ಕಣದಿಂದ ಶಕ್ತಿಯ ಮೂವತ್ತರ ಆಸುಪಾಸು ಚೂರುಗಳು ಸಿಗುತ್ತವೆ. ಕೆಂಪು ರಕ್ತಕಣಕ್ಕೆ ಆ ಒಲೆಯೇ ಇಲ್ಲ. ಇಡೀ ಮೈಗೆ ಆಮ್ಲಜನಕ ಹೊತ್ತು ಹಂಚುವ ಅದು ತಾನು ಮಾತ್ರ ಒಂದು ಗುಟುಕನ್ನೂ ಬಳಸುವುದಿಲ್ಲ. ಸಕ್ಕರೆಯನ್ನು ಅರ್ಧಕ್ಕೆ ಮುರಿದು ಹುಳಿ ಮಾಡಿ, ಎರಡೇ ಚೂರು ಶಕ್ತಿ ತೆಗೆದುಕೊಂಡು ಬದುಕುತ್ತದೆ. ಹಾಲು ಮೊಸರಾಗುವಾಗ ಹುಟ್ಟುವ ಹುಳಿಯೇ ಇದು. ಇಷ್ಟು ಕಡಿಮೆ ಸಿಗುವುದರಿಂದ ಅದಕ್ಕೆ ಸಕ್ಕರೆ ಒಂದೇ ಸಮನೆ ಬೇಕು. ನಳಿಗೆಯಲ್ಲಿಟ್ಟ ರಕ್ತದ ಸಕ್ಕರೆ ಹೊತ್ತು ಹೋದಂತೆ ಇಳಿಯುವುದು ಅದಕ್ಕೆ.

ಇದು ಪಾಠದಲ್ಲಿ ಎಲ್ಲರಿಗೂ ಗೊತ್ತು. ಕೆಲಸದಲ್ಲಿ ಗೊತ್ತಾಗಲು ನಮಗೆ ಒಬ್ಬ ಮುದುಕರ ಕಾಲ್ಬೆರಳು ಬೇಕಾಯಿತು.

ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಲ್ಯಾಬಿನ ರಕ್ತ ಸಂಗ್ರಹದ ಒಂದು ಸಣ್ಣ ಕೋಣೆಯಿತ್ತು. ಅಲ್ಲಿ ಸೆಲ್ವಿ ಎಂಬ ಹೆಣ್ಣುಮಗಳು ರಕ್ತ ತೆಗೆಯುತ್ತಿದ್ದಳು. ಅವಳ ಅಜ್ಜ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರು. ಅವಳ ಕೈ ಹಗುರ, ಬಾಯಿ ಜೋರು. ಬೆಳಗ್ಗೆ ತೆಗೆದ ರಕ್ತವನ್ನು, ತಣ್ಣಗಿದ್ದರೆ ಸಕ್ಕರೆ ಉಣ್ಣುವುದು ನಿಧಾನವೆಂದು, ಥರ್ಮಾಸಿನಲ್ಲಿ ಮಂಜುಗಡ್ಡೆ ಹಾಕಿ ಖಾಸಗಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು, ನಾವು ಶಿವಮೊಗ್ಗದಲ್ಲಿ ಇಳಿಸಿಕೊಳ್ಳುವುದು ವಾಡಿಕೆ. ಬೇಸಿಗೆಯಲ್ಲಿ ಒಮ್ಮೆ ಜನ್ನಾಪುರದ ಸಕ್ಕರೆ ಕಾಯಿಲೆಯವರೆಲ್ಲ ಗುಣವಾಗತೊಡಗಿದರು. ನಿವೃತ್ತ ಶಾಲಾ ಮೇಷ್ಟ್ರೊಬ್ಬರಂತೂ ನಮ್ಮ ವರದಿ ನೋಡಿ ಮಾತ್ರೆ ಬಿಟ್ಟು, ಹೋಳಿಗೆ ಹಿಡಿದು, ಕೊನೆಗೆ ಕಪ್ಪಾದ ಕಾಲ್ಬೆರಳು ತೋರಿಸಿಕೊಂಡು ಆಸ್ಪತ್ರೆ ಸೇರಿದರು. ಬೆರಳು ತೆಗೆಯಬೇಕಾಯಿತು.

ನಾನು ಸೆಲ್ವಿಗೆ ಫೋನ್ ಮಾಡಿ ಗದರಿದೆ. ಅವಳು ನನಗಿಂತ ಜೋರಾಗಿ ಗದರಿದಳು.

"ಐಸ್ ಹಾಕಿ ಕಳ್ಸಿದೀನಿ ಸಾರ್, ನನ್ನ ಕೈಯಾರೆ. ಆ ಕಂಡಕ್ಟರ್ ಇದಾನಲ್ಲ, ಸೆಕೆ ಅಂತ ಐಸ್ ತೆಗ್ದು ನೀರಿಗೆ ಹಾಕ್ಕೊಂಡು ಕುಡ್ದಿದಾನೆ. ಡ್ರೈವರ್‌ಗೂ ಕೊಟ್ಟಿದಾನೆ. ನೀವು ನನ್ನನ್ ಯಾಕೆ ಬೈತೀರಿ?"

"ರಕ್ತದ ಜೊತೆ ಇಟ್ಟ ಐಸ್ ಕುಡಿದನಾ?"

"ಟ್ಯೂಬ್ ಕ್ಲೋಸಿದೆ, ಏನಾಗಲ್ಲ ಅಂತಾನೆ ಸಾರ್. ಅವನಿಗೇನೂ ಆಗಿಲ್ಲ, ಗುಂಡ್ಕಲ್ಲಿನ ಥರ ಇದಾನೆ. ಆಗಿದ್ದು ನಮ್ಮ ಮೇಷ್ಟ್ರಿಗೆ."

ನಗು ಬಂತು. ಆ ಬೆರಳು ನೆನಪಾಗಿ ನಗು ನಿಂತಿತು. ಅಂದಿನಿಂದ ಸಕ್ಕರೆಗೆ ಬೂದು ಮುಚ್ಚಳದ ನಳಿಗೆ ಕಡ್ಡಾಯವಾಯಿತು. ಅದರ ತಳದಲ್ಲಿ ಫ್ಲೋರೈಡ್ ಪುಡಿ ಇರುತ್ತದೆ. ಸಕ್ಕರೆ ಮುರಿಯುವ ಸರಪಳಿಯಲ್ಲಿ ಒಂದು ಕೊಂಡಿಯನ್ನು ಅದು ಹಿಡಿದು ನಿಲ್ಲಿಸುತ್ತದೆ. ತಕ್ಷಣ ನಿಲ್ಲಿಸುವುದಿಲ್ಲ, ಸ್ವಲ್ಪ ಹೊತ್ತು ಬೇಕು, ಇದನ್ನೂ ಮರೆಯಬೇಡಿ. ಆದರೆ ನಮ್ಮ ಕಡ್ಡಾಯ ರಕ್ತಕ್ಕೆ ಮಾತ್ರವಿತ್ತು. ಮೂತ್ರದ ಬಾಟಲಿಯ ಬಗ್ಗೆ ಯಾರೂ ಯೋಚಿಸಿರಲಿಲ್ಲ.

ಲ್ಯಾಬಿನ ಒಡೆಯರು ಒಬ್ಬ ಪೆಥಾಲಜಿ ಡಾಕ್ಟರು. ತೀರ್ಥಹಳ್ಳಿ ಕಡೆಯವರು, ಸಿಟ್ಟು ಬಂದಾಗಲೂ ಮಾರಾಯ್ರೆ ಎನ್ನುವವರು. ಕೆಟ್ಟವರಲ್ಲ. ಅವರದು ಒಂದೇ ನಿಯಮ: ಕೇಳಿದ ಪರೀಕ್ಷೆ ಮಾಡು, ಕೇಳದ್ದನ್ನು ಮಾಡಬೇಡ. ಕೇಳದೆ ಮಾಡಿದ ಪರೀಕ್ಷೆಯಲ್ಲಿ ಏನಾದರೂ ಕಂಡರೆ ಅದನ್ನು ಹೇಳಬೇಕಾಗುತ್ತದೆ, ಹೇಳಿದರೆ ಯಾರು ಕೇಳಿದ್ದು ಎಂದು ಜಗಳವಾಗುತ್ತದೆ ಎನ್ನುವುದು ಅವರ ವಾದ. ಹಾಗೆ ಕೇಳದೆ ಮಾಡಿದ ಪರೀಕ್ಷೆಯಿಂದ ಒಂದು ಮನೆಯ ಮದುವೆ ಮುರಿದುಬಿದ್ದ ನಂತರ ಈ ನಿಯಮ ಹುಟ್ಟಿತ್ತು, ಆದ್ದರಿಂದ ಅದನ್ನು ದಡ್ಡ ನಿಯಮ ಎನ್ನಲಾರೆ.

ಮಾಚೇನಹಳ್ಳಿಯ ಆ ಫೌಂಡ್ರಿಯ ಹೆಸರು ಬೇಡ. ಅಲ್ಲಿ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದರು. ಕರಗಿದ ಕಬ್ಬಿಣ ತುಂಬಿದ ದೊಡ್ಡ ಪಾತ್ರೆಯನ್ನು ಜನರ ತಲೆಯ ಮೇಲಿಂದ ಒಯ್ಯುವ ಕ್ರೇನಿಗೆ ಮಂಜಪ್ಪ ಎಂಬವನು ಆಪರೇಟರ್. ಮನೆ ಜನ್ನಾಪುರದಲ್ಲಿ. ಅವನನ್ನು ನಾನು ನೋಡಿಲ್ಲ. ಅವನ ಬಗ್ಗೆ ಹೇಳುವುದೆಲ್ಲ ಆಮೇಲೆ ಅವನ ಹೆಂಡತಿ ಗಿರಿಜಮ್ಮನಿಂದ, ಸ್ವಲ್ಪ ಸೆಲ್ವಿಯಿಂದ ಕೇಳಿದ್ದು. ಮಂಜಪ್ಪ ಹಿಂದೆ ಕುಡಿಯುತ್ತಿದ್ದ. ಹೆಂಡತಿಯ ತಲೆ ಮುಟ್ಟಿ ಆಣೆ ಮಾಡಿ ಬಿಟ್ಟಿದ್ದ. ಬಿಟ್ಟು ಬಹಳ ವರ್ಷವಾಗಿತ್ತು. ಆದರೆ ಕುಡಿಯುತ್ತಿದ್ದವನು ಎನ್ನುವುದು ಊರಿಗೆ ಗೊತ್ತಿತ್ತು. ಅದು ಗೊತ್ತಿದ್ದುದೇ ಅವನಿಗೆ ಮುಳುವಾಯಿತು.

ಮುಂದೆ ಒಂದು ಬೇಸಿಗೆಯಲ್ಲಿ ಮಂಜಪ್ಪ ಕ್ರೇನಿನ ಏಣಿ ಹತ್ತುವಾಗ ತೂರಾಡಿದ. ಮಾತು ತೊದಲಿತು. ಬಾಯಿಯಿಂದ ಏನೋ ಸಿಹಿ ಹುಳಿ ವಾಸನೆ. ಸುರಕ್ಷತೆಯ ಅಧಿಕಾರಿ ಅವನನ್ನು ಇಳಿಸಿದರು. ಅವರನ್ನು ದೂರಲಾರೆ, ಆ ಪಾತ್ರೆ ಒಂದು ಗೇಣು ವಾಲಿದರೆ ಕೆಳಗಿದ್ದವರಲ್ಲಿ ಮಣ್ಣು ಮಾಡಲು ಏನೂ ಉಳಿಯುವುದಿಲ್ಲ. ಅವರು ಅವನನ್ನು ಕಾರ್ಖಾನೆಯ ಡಿಸ್ಪೆನ್ಸರಿಗೆ ಕಳಿಸಿ ಬಾಟಲಿಯಲ್ಲಿ ಮೂತ್ರ ಹಿಡಿಸಿದರು. ಅದು ಶನಿವಾರ ಮಧ್ಯಾಹ್ನ. ಬಾಟಲಿ ಸೋಮವಾರದವರೆಗೂ ಡಿಸ್ಪೆನ್ಸರಿಯ ಕಿಟಕಿಯಲ್ಲಿ ಬಿಸಿಲಿಗೆ ಕೂತಿತ್ತು. ಸೋಮವಾರ ನನ್ನ ಮೇಜಿಗೆ ಬಂತು. ಕೇಳಿದ ಪರೀಕ್ಷೆ ಒಂದೇ: ಆಲ್ಕೋಹಾಲ್.

ಮುಚ್ಚಳ ತಿರುಗಿಸಿದೆ. ಪುಸ್ ಎಂದಿತು. ಅಥವಾ ಎನ್ನಲಿಲ್ಲ.

ಯಂತ್ರ ಆಲ್ಕೋಹಾಲ್ ಇದೆ ಎಂದಿತು. ಇನ್ನೊಂದು ಸಲ ಮಾಡಿದೆ, ಇದೆ ಎಂದಿತು. ವರದಿ ಹೋಯಿತು. ಮಂಜಪ್ಪನನ್ನು ವಿಚಾರಣೆ ಮುಗಿಯುವವರೆಗೆ ಮನೆಗೆ ಕಳಿಸಿದರು.

ಅದೇ ವಾರದ ಕೊನೆಯಲ್ಲಿ ಶಿವಮೊಗ್ಗದ ಒಂದು ಆಸ್ಪತ್ರೆಯಿಂದ ತುರ್ತು ರಕ್ತ ಬಂತು. ಸಕ್ಕರೆ ಎಷ್ಟಿತ್ತೆಂದರೆ ಯಂತ್ರ ಅಂಕಿ ಕೊಡದೆ ಕೈಚೆಲ್ಲಿತು. ರಕ್ತವನ್ನು ತೆಳುಮಾಡಿ ಮತ್ತೆ ನೋಡಬೇಕಾಯಿತು. ರಕ್ತ ಆಮ್ಲವಾಗಿತ್ತು. ನಳಿಗೆಯ ಮೇಲೆ ಮಂಜಪ್ಪ ಎಂದಿತ್ತು. ನಮ್ಮ ಕಡೆ ಮಂಜಪ್ಪಂದಿರಿಗೆ ಬರವಿಲ್ಲ. ಆದರೂ ಫೋನ್ ಮಾಡಿ ಕೇಳಿದೆ. ಜನ್ನಾಪುರದವನೇ, ಫೌಂಡ್ರಿಯವನೇ. ಪ್ರಜ್ಞೆ ಇಲ್ಲ, ಉಸಿರು ಬುಸುಗುಟ್ಟುತ್ತಿದೆ ಎಂದರು. ಮರುದಿನ ವಿಚಾರಿಸಿದಾಗ ತೀರಿಕೊಂಡಿದ್ದ.

ಆಗ ಹೊಳೆಯಿತು. ಹೊಳೆದದ್ದನ್ನು ನಿಮಗೆ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇದೇ ನಮ್ಮ ಕಸುಬು.

ರಕ್ತದಲ್ಲಿ ಎಷ್ಟೇ ಸಕ್ಕರೆಯಿರಲಿ, ಇನ್ಸುಲಿನ್ ಇಲ್ಲದೆ ಅದು ಸ್ನಾಯುವಿನ ಕೋಶದೊಳಕ್ಕೆ ಸರಿಯಾಗಿ ಹೋಗುವುದಿಲ್ಲ. ಸುತ್ತಲೂ ಊಟವಿದ್ದು ಕೋಶ ಉಪವಾಸ. ಆಗ ಮೈ ತನ್ನ ಕೊಬ್ಬನ್ನೇ ಸುಡತೊಡಗುತ್ತದೆ. ಆ ಅವಸರದಲ್ಲಿ ಅರೆಬೆಂದ ಚೂರುಗಳು ರಕ್ತಕ್ಕೆ ಸೇರಿ ಅದನ್ನು ಆಮ್ಲ ಮಾಡುತ್ತವೆ. ಅದರಲ್ಲೊಂದು ಉಸಿರಿನಲ್ಲಿ ಹೊರಬರುತ್ತದೆ, ಕೊಳೆತ ಹಣ್ಣಿನಂಥ ವಾಸನೆ. ಮನುಷ್ಯ ತೂರಾಡುತ್ತಾನೆ, ತೊದಲುತ್ತಾನೆ, ವಾಂತಿ ಮಾಡುತ್ತಾನೆ. ಗೊತ್ತಿಲ್ಲದವರಿಗೆ ಅದು ಕುಡಿತ. ಇನ್ನೊಂದು ಕಡೆ, ಕೋಶದೊಳಕ್ಕೆ ಹೋಗದ ಸಕ್ಕರೆ ಮೂತ್ರದಲ್ಲಿ ಹರಿದುಹೋಗುತ್ತದೆ. ಸಕ್ಕರೆಯಿರುವ ಕಡೆ ಯೀಸ್ಟ್ ಸುಲಭವಾಗಿ ಬೆಳೆಯುತ್ತದೆ. ಸಕ್ಕರೆ ಕಾಯಿಲೆಯವರ ಮೂತ್ರದಲ್ಲಿ ಯೀಸ್ಟ್ ಕಾಣುವುದು ನಮಗೆ ಹೊಸದಲ್ಲ. ಅಂಥ ಮೂತ್ರವನ್ನು ಮುಚ್ಚಳ ಬಿಗಿದು, ಗಾಳಿಯಾಡದಂತೆ, ಬಿಸಿಲಿನ ಕಿಟಕಿಯಲ್ಲಿಟ್ಟರೆ ಯೀಸ್ಟ್ ಏನು ಮಾಡುತ್ತದೆ? ಆಮ್ಲಜನಕವಿಲ್ಲದೆ ಸಕ್ಕರೆಯನ್ನು ಪೂರ್ತಿ ಸುಡಲಾಗದು. ಮುರಿದು ಮದ್ಯಸಾರ ಮಾಡುತ್ತದೆ, ಗಾಳಿ ಬಿಡುತ್ತದೆ. ಮಂಜಪ್ಪನ ಸ್ವಂತ ಕೋಶಗಳಿಗೆ ದಕ್ಕದ ಸಕ್ಕರೆ ಬಾಟಲಿಯ ಯೀಸ್ಟ್‌ಗೆ ದಕ್ಕಿರಬಹುದು.

ಇರಬಹುದು ಎಂದೇ ಬರೆಯುತ್ತೇನೆ. ಬಾಟಲಿಯನ್ನು ಅಷ್ಟರಲ್ಲಿ ಚೆಲ್ಲಿಯಾಗಿತ್ತು.

ಡಾಕ್ಟರ ಕೋಣೆಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಮ್ಮ ರಿಪೋರ್ಟ್ ತಪ್ಪಾ?"

"ತಪ್ಪಲ್ಲ. ಬಾಟಲೀಲಿ ಆಲ್ಕೋಹಾಲ್ ಇತ್ತು."

"ಮತ್ತೇನು ಮಾರಾಯ್ರೆ?"

"ಬಾಟಲೀಲಿ ಇತ್ತು ಸಾರ್. ಮನುಷ್ಯನಲ್ಲಿ ಇತ್ತೋ ಇಲ್ವೋ ಗೊತ್ತಿಲ್ಲ."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಆಗಬಹುದು ಅನ್ನೋದು ಬೇರೆ, ಆಗಿದೆ ಅನ್ನೋದು ಬೇರೆ," ಎಂದರು. "ಅವನು ಕುಡಿದೂ ಇರಬಹುದು, ಶುಗರೂ ಇರಬಹುದು. ಎರಡೂ ಒಟ್ಟಿಗೆ ಇರಬಾರದು ಅಂತ ಕಾನೂನಿದೆಯಾ?"

ಇಲ್ಲ. ಅವರು ಹೇಳಿದ್ದು ಸರಿಯಾಗಿತ್ತು. ನನಗೆ ಅವತ್ತು ಅವರ ಮೇಲೆ ಬಂದಷ್ಟು ಸಿಟ್ಟು ತಪ್ಪು ಹೇಳಿದವರ ಮೇಲೂ ಬಂದಿಲ್ಲ.

ಗಿರಿಜಮ್ಮ ಬಂದದ್ದು ಮಂಜಪ್ಪನ ಕರ್ಮಾಂತರಗಳೆಲ್ಲ ಮುಗಿದ ಮೇಲೆ. ಸೆಲ್ವಿಯೇ ಜೊತೆಯಲ್ಲಿ ಕರೆದುಕೊಂಡು ಬಂದಳು. ಗಿರಿಜಮ್ಮ ಮನೆಯಲ್ಲಿ ರವಿಕೆ ಹೊಲಿಯುವವರು. ಸಣ್ಣ ಆಳು. ಬೆಂಚಿನ ತುದಿಯಲ್ಲಿ ಕೂತು, ಯಾವ ಪೀಠಿಕೆಯೂ ಇಲ್ಲದೆ ಕೇಳಿದರು.

"ನಮ್ಮನೆಯವರು ಕುಡ್ದಿದ್ರಾ ಇಲ್ವಾ ಸಾರ್? ಅಷ್ಟು ಹೇಳಿ ಸಾಕು."

ಸೆಲ್ವಿ ಹೇಳಿದಳು: "ಇವರ ಮೈದುನ ತಿಥಿ ದಿನ ಎಲ್ಲರ ಎದುರಿಗೆ, ಕುಡಿದು ಸತ್ತ ಅಂದ್ಬಿಟ್ಟಿದಾನೆ ಸಾರ್. ಫ್ಯಾಕ್ಟರಿಯವರ ಹತ್ರ ಇವರು ಹೋಗಲ್ಲ. ಅದೆಲ್ಲ ಬೇಡವಂತೆ. ಇದೊಂದು ಗೊತ್ತಾಗ್ಬೇಕಂತೆ."

"ನನ್ನ ತಲೆ ಮುಟ್ಟಿ ಆಣೆ ಮಾಡಿದ್ರು," ಎಂದರು ಗಿರಿಜಮ್ಮ. "ಆ ಆಣೆ ಮುರಿದಿದ್ರೆ ಮುರಿದಿದಾರೆ ಅಂತ್ಲೇ ಹೇಳಿ. ಗೊತ್ತಿಲ್ದೆ ಇರಕ್ಕಾಗ್ತಾ ಇಲ್ಲ."

ನಾನು ಸ್ವಲ್ಪ ದಿನ ಕೊಡಿ, ಆಮೇಲೆ ಬನ್ನಿ ಎಂದೆ. ನಂಬಿಕೆಯಿಲ್ಲದವನಿಗೆ ಇನ್ನೇನು ದಾರಿ? ಇನ್ನೊಂದು ಸಲ ಮಾಡಿ ನೋಡಬೇಕಿತ್ತು.

ಸಕ್ಕರೆ ಕಾಯಿಲೆಯ, ಎಂದೂ ಕುಡಿಯದ ಒಬ್ಬ ಪರಿಚಿತರ ಮೂತ್ರ ಕೇಳಿ ತಂದೆ. ಹೊಸದಾಗಿ ತಂದಾಗ ಅದರಲ್ಲಿ ಆಲ್ಕೋಹಾಲ್ ಇರಲಿಲ್ಲ. ಯೀಸ್ಟ್ ಕಂಡಿದ್ದ ಇನ್ನೊಂದು ಮಾದರಿಯ ಒಂದು ಹನಿ ಸೇರಿಸಿ, ಎರಡು ಬಾಟಲಿ ಮಾಡಿದೆ. ಒಂದಕ್ಕೆ ಬೂದು ಮುಚ್ಚಳದ ನಳಿಗೆಯ ಫ್ಲೋರೈಡ್ ಹಾಕಿದೆ, ಇನ್ನೊಂದಕ್ಕೆ ಏನೂ ಇಲ್ಲ. ಎರಡನ್ನೂ ಶನಿವಾರ ಮಧ್ಯಾಹ್ನ ನಮ್ಮ ಬಿಸಿಲಿನ ಕಿಟಕಿಯಲ್ಲಿಟ್ಟು ಸೋಮವಾರ ತೆರೆದೆ. ಫ್ಲೋರೈಡ್ ಇದ್ದದ್ದು ಹಾಗೇ ಇತ್ತು. ಇನ್ನೊಂದು ಪುಸ್ ಎಂದಿತು, ಅದರಲ್ಲಿ ಮದ್ಯವಿತ್ತು.

ನನ್ನ ಮೊದಲ ನೆನಪು ಇಲ್ಲಿಯೇ ಕೆಟ್ಟದ್ದು ಎಂದು ಅನುಮಾನ. ಈ ಬಾಟಲಿಯ ಸದ್ದನ್ನು ನಾನು ಮಂಜಪ್ಪನ ಬಾಟಲಿಗೆ ಅಂಟಿಸಿಕೊಂಡಿರಬಹುದು. ಮನಸ್ಸು ಹಾಗೆ ಮಾಡುತ್ತದೆ, ಕೇಳುವುದೂ ಇಲ್ಲ.

ಗಿರಿಜಮ್ಮ ಮತ್ತೆ ಬಂದಾಗ ಸೆಲ್ವಿ ಇರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ದೋಸೆ ಹಿಟ್ಟು ಹುಳಿ ಬಂದು ಉಬ್ಬುವ ಉದಾಹರಣೆ ಕೊಟ್ಟೆ. ಅವರು ತಾಳ್ಮೆಯಿಂದ ಕೇಳಿದರು.

"ಅಂದ್ರೆ ಬಾಟ್ಲಿ ಒಳಗೇ ಆಗಿದ್ದು."

"ಆಗಿರಬಹುದಮ್ಮ."

"ಆಗಿರಬಹುದು ಅಂದ್ರೆ? ಆಗಿದೆಯಾ ಇಲ್ವಾ?"

ನಾನು ಡಾಕ್ಟರ ಮಾತನ್ನು ಹೇಳಬೇಕಿತ್ತು. ಹೇಳಲಾಗಲಿಲ್ಲ. "ಅವರು ಕುಡಿದಿರಲಿಲ್ಲ ಅಂತ ನಾನು ನಂಬ್ತೀನಿ," ಎಂದೆ. ನನ್ನ ವೃತ್ತಿಯಲ್ಲಿ ನಂಬುತ್ತೇನೆ ಎಂಬ ಪದವನ್ನು ಬಳಸಿದ್ದು ಅದೊಂದೇ ಸಲ ಇರಬೇಕು.

ಅವರು ಕಣ್ಣು ಮುಚ್ಚಿದರು. ಮುಖದ ಬಿಗಿ ಸಡಿಲವಾಯಿತು. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ಆಣೆ ಮುರೀಲಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ಆ ಗಳಿಗೆಯಲ್ಲಿ ನನ್ನ ಕೆಲಸದ ಬಗ್ಗೆ ನನಗೆ ಒಳ್ಳೆಯದೆನಿಸಿತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ.

"ಹಾಗಾದ್ರೆ ಅವ್ರಿಗೆ ಆಗಿದ್ದೇನು ಸಾರ್?"

"ಸಕ್ಕರೆ ಕಾಯಿಲೆಯಮ್ಮ. ಗೊತ್ತಾಗದೆ ಒಳಗೇ ಜೋರಾಗಿತ್ತು."

"ಸಕ್ಕರೆ ಕಾಯ್ಲೆ ಅಂದ್ರೆ ಸಕ್ಕರೆ ತಿನ್ಬಾರ್ದು."

"ಹೌದು."

ಅವರು ತಮ್ಮ ಕೈಗಳನ್ನು ನೋಡಿಕೊಂಡರು. ಆಮೇಲೆ ಹೇಳಿದರು. ಕಾರ್ಖಾನೆಯಿಂದ ಕಳಿಸಿದ ದಿನದಿಂದ ಗಂಡನ ಜೊತೆ ಮಾತು ಬಿಟ್ಟಿದ್ದರಂತೆ. ಮತ್ತೆ ಕುಡಿಯಲು ಶುರು ಮಾಡಿದರೆಂದು ಸಿಟ್ಟು. ಆದರೆ ಹಾಗೇ ಬಿಡಲೂ ಮನಸ್ಸಿಲ್ಲ. ಅಮಲು ಇಳಿಯಲಿ ಎಂದು ನಿಂಬೆಹಣ್ಣಿನ ಷರಬತ್ತು ಮಾಡಿ, ಸಕ್ಕರೆ ಎರಡು ಪಟ್ಟು ಹಾಕಿ, ಮಾತಾಡದೆ ಅವನೆದುರು ಇಟ್ಟು ಒಳಗೆ ಹೋಗುವುದು. ಹಿಂದೆ ಕುಡಿದು ಬರುತ್ತಿದ್ದ ದಿನಗಳಲ್ಲೂ ಅವರು ಮಾಡುತ್ತಿದ್ದುದು ಅದನ್ನೇ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಮಾಡುವುದಿಲ್ಲ?

"ಗಟಗಟ ಕುಡಿಯೋರು. ಇನ್ನೂ ಬೇಕು, ಬಾಯಾರುತ್ತೆ ಗಿರಿಜ, ಅನ್ನೋರು. ಬಾಯಾರದೇ ಇರುತ್ತಾ, ಅಷ್ಟು ಕುಡಿದ್ರೆ ಅಂತ ನಾನು ಮನಸ್ಸಲ್ಲೇ ಬೈಕೊಂಡು, ಇನ್ನೊಂದು ಚೊಂಬು ಮಾಡಿ ಇಡೋಳು. ಸೋಮವಾರದಿಂದ ಹಿಡಿದು ಆಸ್ಪತ್ರೆಗೆ ಎತ್ಕೊಂಡು ಹೋಗೋವರ್ಗೂ."

ಆಮೇಲೆ ಆ ಪ್ರಶ್ನೆ.

"ಅದ್ರಿಂದ್ಲೇ ಹೋದ್ರಾ ಸಾರ್?"

ಇದಕ್ಕೆ ವಿಜ್ಞಾನದ ಉತ್ತರ ಹೀಗೆ. ಕಾಯಿಲೆ ತಂದದ್ದು ಷರಬತ್ತಲ್ಲ. ಇನ್ಸುಲಿನ್ ಇಲ್ಲದ್ದು ಮೂಲ ಕಾರಣ. ಷರಬತ್ತಿಲ್ಲದಿದ್ದರೂ ಚಿಕಿತ್ಸೆ ಸಿಗದೆ ಅದೇ ಗತಿ ಬರಬಹುದಿತ್ತು. ಆದರೆ ಅಷ್ಟು ಸಕ್ಕರೆ ಒಳ್ಳೆಯದನ್ನೇನೂ ಮಾಡಲಿಲ್ಲ. ಎಷ್ಟು ಕೆಡುಕು ಮಾಡಿತು, ಒಂದು ದಿನ ಬೇಗ ತಂದಿತೇ, ಒಂದು ಗಂಟೆ ಬೇಗ ತಂದಿತೇ, ಯಾರೂ ಹೇಳಲಾರರು. ಇದೇ ನಿಜ. ಈ ನಿಜವನ್ನು ಆ ಬೆಂಚಿನ ತುದಿಯಲ್ಲಿ ಕೂತ ಹೆಂಗಸಿಗೆ ಕೊಡುವುದು ಹೇಗೆ?

ಒಂದು ನೆನಪಿನಲ್ಲಿ ನಾನು ತಕ್ಷಣ, "ಛೆ, ಅದರಿಂದ ಏನೂ ಆಗಲ್ಲಮ್ಮ," ಎನ್ನುತ್ತೇನೆ, ಅವರು ತಲೆಯಾಡಿಸಿ ಎದ್ದು ಹೋಗುತ್ತಾರೆ. ಇನ್ನೊಂದರಲ್ಲಿ ನಾನು ಉತ್ತರ ಹುಡುಕುತ್ತ ಗೋಡೆ ನೋಡುತ್ತೇನೆ, ತಿರುಗಿ ನೋಡುವಷ್ಟರಲ್ಲಿ ಅವರು ನನ್ನ ಮೌನವನ್ನು ಓದಿ ಮುಗಿಸಿದ್ದಾರೆ. ಒಂದರಲ್ಲಿ ಬೆಂಚಿನ ಮೇಲೆ ಅವರ ಬಟ್ಟೆಯ ಚೀಲವಿದೆ, ಇನ್ನೊಂದರಲ್ಲಿ ಇಲ್ಲ. ಎರಡೂ ಅಷ್ಟೇ ನಿಚ್ಚಳ.

ಆ ಪ್ರಕರಣದ ನಂತರ ಡಾಕ್ಟರು ಏನೂ ಹೇಳದೆ ಒಂದು ಬದಲಾವಣೆ ಮಾಡಿದರು. ಆಲ್ಕೋಹಾಲ್ ಕೇಳಿ ಬಂದ ಯಾವ ಮೂತ್ರಕ್ಕೂ ಮೊದಲು ಸಕ್ಕರೆ ತೋರಿಸುವ ಕಾಗದದ ಪಟ್ಟಿ ಅದ್ದಿ ನೋಡಬೇಕು, ಫ್ಲೋರೈಡ್ ಇಲ್ಲದ ಬಾಟಲಿಯನ್ನು ವಾಪಸು ಕಳಿಸಬೇಕು. ಕೇಳದ್ದನ್ನು ಮಾಡಬೇಡ ಎಂದಿದ್ದವರೇ. ಫೌಂಡ್ರಿಗೂ ತಾವೇ ಫೋನ್ ಮಾಡಿ, ತೂರಾಡುವ ಮನುಷ್ಯನನ್ನು ಕಂಡರೆ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿ ಮಾರಾಯ್ರೆ, ಆಮೇಲೆ ಬೈಯಿರಿ ಎಂದರು. ಈಗ ಮದ್ಯ ಮನುಷ್ಯನ ಯಕೃತ್ತಿನ ಮೂಲಕ ಹಾದುಹೋಗಿದೆಯೇ ಎಂದು ತೋರಿಸುವ ಗುರುತನ್ನು ಮೂತ್ರದಲ್ಲಿ ಹುಡುಕುವ ಪರೀಕ್ಷೆಯೂ ಬಂದಿದೆ. ಬಾಟಲಿಯ ಯೀಸ್ಟ್ ಆ ಗುರುತನ್ನು ಮಾಡುವುದಿಲ್ಲ. ನೀವು ಅದೃಷ್ಟವಂತರು. ನಿಮ್ಮ ಗಿರಿಜಮ್ಮನಿಗೆ ನೀವು ಹೌದು ಅಥವಾ ಇಲ್ಲ ಎನ್ನಬಹುದು. ಎರಡನೆಯ ಪ್ರಶ್ನೆಗೆ ಮಾತ್ರ ಯಾವ ಕಿಟ್ಟೂ ಬಂದಿಲ್ಲ.

ನಿವೃತ್ತನಾದ ಮೇಲೆ ಈ ಎರಡು ನೆನಪುಗಳು ಕಾಡತೊಡಗಿದವು. ಹೋಗಿ ಕೇಳಿಬಿಡೋಣ ಎಂದು ಈಚೆಗೆ ಒಂದು ದಿನ ಬಸ್ಸು ಹತ್ತಿ ಜನ್ನಾಪುರಕ್ಕೆ ಹೋದೆ. ಸೆಲ್ವಿಯ ಕೂದಲು ನರೆತಿದೆ, ಬಾಯಿ ಹಾಗೇ ಇದೆ. "ನೀವು ಬದುಕಿದೀರಾ ಸಾರ್?" ಎಂದು ಸ್ವಾಗತಿಸಿ, ಗಿರಿಜಮ್ಮನ ಮನೆಗೆ ಕರೆದುಕೊಂಡು ಹೋದಳು.

ಗಿರಿಜಮ್ಮ ಹೊಲಿಗೆ ಯಂತ್ರದ ಮುಂದೆ ಇದ್ದರು. ಗುರುತು ಹಿಡಿದರು. ಕುಶಲ ಮಾತಾಡಿ, ಕೊನೆಗೆ ಕೇಳಿದೆ.

"ಅವತ್ತು ನೀವು ಷರಬತ್ತಿನ ವಿಷಯ ಕೇಳಿದಾಗ ನಾನು ಏನು ಹೇಳಿದೆ, ನೆನಪಿದೆಯಾಮ್ಮ?"

ಅವರು ದಾರ ಕಚ್ಚಿ ತುಂಡು ಮಾಡಿದರು.

"ಅದ್ರಿಂದ ಏನೂ ಆಗಲ್ಲ ಅಂದ್ರಿ ಸಾರ್."

"ಹೌದಾ?"

"ಹೂಂ. ಒಳ್ಳೇ ಮನಸ್ಸಿಂದ ಅಂದ್ರಿ." ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸುತ್ತ ಹೇಳಿದರು: "ನಾನು ನಂಬ್ಲಿಲ್ಲ ಅಷ್ಟೆ."

ನಾನು ನಿಜವಾಗಿಯೂ ಹಾಗೆ ಹೇಳಿದ್ದೆನೋ, ಇಷ್ಟು ದೂರ ಬಂದ ಮುದುಕನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅವರು ಅಂದದ್ದೋ, ಗೊತ್ತಾಗಲಿಲ್ಲ. ಮತ್ತೆ ಕೇಳಲು ಮುಖವಿರಲಿಲ್ಲ.

ಟೀ ತಂದರು. ಒಂದು ಗುಟುಕು ಕುಡಿದ ಸೆಲ್ವಿ ಮುಖ ಕಿವುಚಿದಳು.

"ಏನಕ್ಕ ಇದು, ಕಷಾಯ? ಇನ್ನೂ ಸಕ್ಕರೆ ತರ್ಸಲ್ವಾ ನೀನು?"

"ಇಲ್ಲ ಮಾರಾಯ್ತಿ. ಬೇಕಾದ್ರೆ ಪಕ್ಕದ್ಮನೆಯಿಂದ ಇಸ್ಕೊಂಡು ಬರ್ತೀನಿ."

"ಬೆಲ್ಲ?"

"ಅದೂ ಇಲ್ಲ."

"ನೋಡಿ ಸಾರ್," ಎಂದಳು ಸೆಲ್ವಿ ನನ್ನ ಕಡೆ ತಿರುಗಿ, "ಯುಗಾದಿಗೆ ಊರೆಲ್ಲ ಬೇವು ಬೆಲ್ಲ ತಿಂದ್ರೆ ಈಯಮ್ಮ ಬರೀ ಬೇವು ತಿಂತಾಳೆ. ಮಂಜಣ್ಣ ಹೋದಾಗಿಂದ ಹಿಂಗೇ."

ಗಿರಿಜಮ್ಮ ನಕ್ಕು, "ಅಭ್ಯಾಸ ಆಗೋಗಿದೆ ಬಿಡಿ," ಎಂದರು.

ನನ್ನ ಅನುಮಾನದ ಬುದ್ಧಿ ಅಲ್ಲಿಯೂ ಸುಮ್ಮನಿರಲಿಲ್ಲ. ಇವರಿಗೂ ಕಾಯಿಲೆ ಬಂದಿರಬಹುದು, ಪಥ್ಯಕ್ಕೆ ಬಿಟ್ಟಿರಬಹುದು, ಕಾರಣ ನಾನು ಅಂದುಕೊಂಡದ್ದೇ ಆಗಬೇಕೆಂದಿಲ್ಲ. ನನಗೇ ಈಗ ಸಕ್ಕರೆ ಕಾಯಿಲೆಯಿರುವುದರಿಂದ ಅಂಗಿಯ ಜೇಬಿನಲ್ಲಿ ಪುಟ್ಟ ಮಾಪಕ ಸದಾ ಇರುತ್ತದೆ. ಒಂದು ಸಲ ನೋಡಲೇ ಎಂದು ಕೇಳಿದೆ. ಅವರು ಬೆರಳು ಚಾಚಿದರು. "ಚುಚ್ಚಿ ಸಾರ್, ಸೂಜಿ ನನಗೇನು ಹೊಸದಾ," ಎಂದರು. ಆಗಷ್ಟೇ ಊಟ ಮುಗಿಸಿದ್ದರು. ಹನಿ ರಕ್ತ ಪಟ್ಟಿಗೆ ಇಳಿಯಿತು. ಅಂಕಿ ಬಂತು. ನನ್ನ ಹಳೇ ಅಭ್ಯಾಸದಂತೆ ಇನ್ನೊಂದು ಬೆರಳಿನಿಂದ ಇನ್ನೊಂದು ಸಲ ಮಾಡಿ ನೋಡಿದೆ.

ಆಕೆಗೆ ಸಕ್ಕರೆ ಕಾಯಿಲೆ ಇಲ್ಲ.